18 ಅಂದರೆ ನೂರಕ್ಕೆ ಹದಿನೆಂಟಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ (ಹೊಸ ಆಟಗಾರರ ಆಯ್ಕೆ) ಹತ್ತಿರ ಬಂದಾಗಲೆಲ್ಲ ಬೆಂಗಳೂರಿನ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ನಡುವೆ ಹಳೆಯ ಜಗಳವೊಂದು ಮತ್ತೆ ಹೊತ್ತಿಕೊಳ್ಳುತ್ತದೆ. 2023ರ ಏಪ್ರಿಲ್‌ನಲ್ಲಿ ಸಿ.ಜೆ. ಸ್ಟ್ರೌಡ್ ಎಂಬ ಯುವ ಕ್ವಾರ್ಟರ್‌ಬ್ಯಾಕ್ ಬರೆದಿದ್ದ ಗ್ರಹಣಶಕ್ತಿ ಪರೀಕ್ಷೆಯ ಫಲಿತಾಂಶ ಸೋರಿಕೆಯಾಗಿ ‘18’ ಎಂಬ ಅಂಕಿ ಎಲ್ಲೆಡೆ ಹರಿದಾಡಿತ್ತು. ‘ನೂರಕ್ಕೆ ಹದಿನೆಂಟು ತೆಗೆದವನನ್ನು ಯಾರಾದರೂ ತಂಡಕ್ಕೆ ತಗೋತಾರಾ’ ಅಂದವರು ಒಂದು ಕಡೆ. ‘ಅವನೇ ಆ ವರ್ಷದ ಅತ್ಯುತ್ತಮ ಹೊಸ ಆಟಗಾರನಾದ, ಪರೀಕ್ಷೆಯೇ ಬೋಗಸ್’ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಆ ಅಂಕಿಯನ್ನು ಸರಿಯಾಗಿ ಓದಿಲ್ಲ. ಕನ್ನಡದ ಕ್ರೀಡಾಪುಟಗಳು ಮನಸ್ಸು ಮಾಡಿದರೆ ಈ ಗೊಂದಲ ಬಿಡಿಸಬಹುದು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇವೆ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುವ, ಆಸ್ಟಿನ್ ಟೌನ್‌ನ ಹುಡುಗರು ಒದ್ದು ಬೆಳೆದ ಫುಟ್‌ಬಾಲ್ ಇದಲ್ಲ. ಚೆಂಡು ಮೊಟ್ಟೆಯಾಕಾರದ್ದು, ಹೆಚ್ಚಿನ ಕೆಲಸ ಕೈಯಲ್ಲೇ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೆಚ್ಚುಕಡಿಮೆ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ಹಿಡಿದು ಓಡಬೇಕೋ ಎಂಬ ತೀರ್ಮಾನ ಅವರದು. ಕಾಲೇಜು ಮುಗಿಸಿ ಬರುವ ಆಟಗಾರರನ್ನು 32 ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವುದೇ ಡ್ರಾಫ್ಟ್. ಮೊದಲ ಸುತ್ತು ಅಲ್ಲಿ ಗುರುವಾರ ರಾತ್ರಿ ಎಂಟಕ್ಕೆ ಶುರುವಾದರೆ ನಮ್ಮಲ್ಲಿ ಶುಕ್ರವಾರ ಬೆಳಗಿನ ಜಾವ ಐದೂವರೆ. ಯಾವ ಸರದಿಯಲ್ಲಿ ಹೆಸರು ಬಂತು ಅನ್ನುವುದರ ಮೇಲೆ ಸಂಬಳ ನಿಲ್ಲುತ್ತದೆ. 2023ರಲ್ಲಿ ಮೊದಲ ಆಯ್ಕೆಯಾದ ಬ್ರೈಸ್ ಯಂಗ್ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 3.8 ಕೋಟಿ ಡಾಲರ್ ಸಿಕ್ಕರೆ, 33ನೆಯವರಾಗಿ ಹೋದ ವಿಲ್ ಲೆವಿಸ್ ಅವರಿಗೆ ಸಿಕ್ಕಿದ್ದು ಒಂದು ಕೋಟಿಗೂ ಕಡಿಮೆ. ಹಾಗಾಗಿ ಡ್ರಾಫ್ಟ್‌ಗೆ ವಾರವಿರುವಾಗ ಸೋರುವ ಅಂಕಿಯೊಂದು ಇಪ್ಪತ್ತೊಂದು ವರ್ಷದ ಹುಡುಗನ ಬದುಕಿನ ಮೇಲೆ ಬೀಳುವ ಕಲ್ಲು.

ಆ ವರ್ಷ ವರದಿಯಾದ ಅಂಕಿಗಳು ಹೀಗಿದ್ದವು: ಯಂಗ್ 98, ಜೇಕ್ ಹೇನರ್ 96, ಲೆವಿಸ್ 93, ಆಂಥನಿ ರಿಚರ್ಡ್‌ಸನ್ 79, ಹೆಂಡನ್ ಹೂಕರ್ 46, ಸ್ಟ್ರೌಡ್ 18. ಪರೀಕ್ಷೆಯ ಹೆಸರು ಎಸ್2. ನ್ಯಾಶ್‌ವಿಲ್‌ನ ಕಂಪನಿಯೊಂದು ನಡೆಸುವ, ಮುಕ್ಕಾಲು ಗಂಟೆಯ ಆಸುಪಾಸಿನ ಕಂಪ್ಯೂಟರ್ ಪರೀಕ್ಷೆ ಅದು. ಈ ಅಂಕಿಗಳು ಅಂಕಗಳಲ್ಲ, ಪರ್ಸೆಂಟೈಲ್‌ಗಳು. ಗೊಂದಲದ ಬೇರು ಇರುವುದು ಇಲ್ಲಿಯೇ.

ಜೆಇಇ ಮೇನ್ ಬರೆದ ಮಕ್ಕಳಿರುವ ಮನೆಗಳಲ್ಲಿ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. 98 ಪರ್ಸೆಂಟೈಲ್ ಬಂತು ಅಂದರೆ ನೂರಕ್ಕೆ 98 ಅಂಕ ಬಂತು ಅಂತಲ್ಲ. ಬರೆದವರಲ್ಲಿ ನೂರಕ್ಕೆ 98 ಮಂದಿ ಇವರಷ್ಟೇ ಅಥವಾ ಇವರಿಗಿಂತ ಕಡಿಮೆ ತೆಗೆದಿದ್ದಾರೆ ಅಂತ. 10 ಲಕ್ಷ ಮಂದಿ ಬರೆದಿದ್ದರೆ ಇನ್ನೂ 20 ಸಾವಿರ ಮಂದಿ ಮುಂದಿದ್ದಾರೆ. ಪರ್ಸೆಂಟೈಲ್ ಎಂಬುದು ಸಾಲಿನಲ್ಲಿ ನಿಂತ ಜಾಗವೇ ಹೊರತು ಎಷ್ಟು ಗೊತ್ತು ಎಂಬುದರ ಅಳತೆಯಲ್ಲ. ಸಾಲಿನಲ್ಲಿ ಯಾರು ಯಾರು ನಿಂತಿದ್ದಾರೆ ಎಂದು ತಿಳಿಯದೆ ‘18ನೇ ಪರ್ಸೆಂಟೈಲ್’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಬರೀ ಪಳಗಿದ ಕ್ವಾರ್ಟರ್‌ಬ್ಯಾಕ್‌ಗಳನ್ನೇ ನಿಲ್ಲಿಸಿದ ಸಾಲಿನಲ್ಲಿ 18 ಅಂದರೆ, ಅದೇ ವ್ಯಕ್ತಿ ಸಾಮಾನ್ಯ ಜನರ ಸಾಲಿನಲ್ಲಿ ತುಂಬಾ ಮುಂದೆ ನಿಂತಾನು. ರಣಜಿ ಬ್ಯಾಟರ್‌ಗಳ ಸಾಲಿನಲ್ಲಿ ಕೊನೆಯ ಐದರಲ್ಲಿ ಒಬ್ಬನಾದವನು ನಮ್ಮ ಬಡಾವಣೆಯ ಮೈದಾನಕ್ಕೆ ಬಂದರೆ ಅವನನ್ನು ಔಟ್ ಮಾಡುವವರು ಸಿಗುವುದಿಲ್ಲ.

ಹೋಲಿಕೆಯ ಗುಂಪು ಎಷ್ಟು ಮುಖ್ಯ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ಹೋಲಿಕೆಯ ಕೋಷ್ಟಕಗಳನ್ನು ವಯಸ್ಸು, ಓದು, ಲಿಂಗ ನೋಡಿ ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. ಒಂದೇ ಉತ್ತರಕ್ಕೆ ಶಾಲೆ ಬಿಟ್ಟ ಅರವತ್ತರ ಹೆಂಗಸಿನ ಪರ್ಸೆಂಟೈಲ್ ಒಂದು, ಪದವಿ ಓದಿದ ಇಪ್ಪತ್ತೈದರ ಹುಡುಗನದು ಇನ್ನೊಂದು. ಕೋಷ್ಟಕ ತೆಗೆದುಹಾಕಿ ಅಂಕಿಯನ್ನಷ್ಟೇ ಹಿಡಿದುಕೊಂಡು ಓಡಾಡಿದರೆ ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ.

ಇನ್ನು ಅಳತೆಯ ಸೂಕ್ಷ್ಮ. ಇಂಥ ಪರೀಕ್ಷೆಗಳು ಅಳೆಯುವುದು ಸೆಕೆಂಡಿನ ಸಾವಿರದ ಒಂದು ಭಾಗದ, ಅಂದರೆ ಮಿಲಿಸೆಕೆಂಡ್‌ನ ಲೆಕ್ಕದಲ್ಲಿ. ಮನೆಯ ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದಾದರೆ ಒಂದೊಂದು ಚಿತ್ರಕ್ಕೇ ಸುಮಾರು 16.7 ಮಿಲಿಸೆಕೆಂಡ್ ಹೋಗುತ್ತದೆ. ಕೀಬೋರ್ಡ್ ಗುಂಡಿ ಒತ್ತಿದ್ದು ಯಂತ್ರಕ್ಕೆ ತಿಳಿಯುವಷ್ಟರಲ್ಲಿ ಇನ್ನಷ್ಟು. ಅದಕ್ಕಾಗಿಯೇ ಎಸ್2ನವರು ಬೇರೆಯದೇ ಗುಂಡಿ ಹಲಗೆ ಬಳಸುತ್ತಾರೆ. ಯಂತ್ರದ ದೋಷ ಹಾಗೆ ತಗ್ಗಬಹುದು, ಮನುಷ್ಯನದು ತಗ್ಗುವುದಿಲ್ಲ. ಹಿಂದಿನ ರಾತ್ರಿಯ ನಿದ್ದೆ, ವಿಮಾನ ಪ್ರಯಾಣ, ಕಾಫಿ, ಕನ್ನಡಕ, ಹಿಂದೆ ಇಂಥದ್ದನ್ನು ಆಡಿ ಅಭ್ಯಾಸವಿದೆಯೋ ಇಲ್ಲವೋ, ‘ಇದು ಯಾಕೆ ಬೇಕು’ ಅನ್ನುವ ಬೇಸರ, ಎಲ್ಲವೂ ಬೆರಳ ತುದಿಗೆ ಬಂದು ಸೇರುತ್ತವೆ. ಡ್ರಾಫ್ಟ್‌ಗೆ ಮುಂಚಿನ ತಿಂಗಳುಗಳಲ್ಲಿ ಈ ಹುಡುಗರು ಊರಿಂದೂರಿಗೆ ಹಾರುತ್ತ, ಒಂದು ತಂಡದ ಸಂದರ್ಶನದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ ಅನ್ನುವುದನ್ನು ಮರೆಯಬಾರದು.

ಒಂದು ಲೆಕ್ಕ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಹಿಡಿದವು, ಲೆಕ್ಕದ ರೀತಿ ಮಾತ್ರ ಸಂಖ್ಯಾಶಾಸ್ತ್ರದ್ದೇ. ಒಂದು ಗುಂಪಿನ ಸರಾಸರಿ ಪ್ರತಿಕ್ರಿಯೆ ಸಮಯ 300 ಮಿಲಿಸೆಕೆಂಡ್, ಮಾನಕ ವಿಚಲನೆ (ಸರಾಸರಿಯಿಂದ ಜನ ಎಷ್ಟು ಚದುರಿದ್ದಾರೆ ಎಂಬುದರ ಅಳತೆ) 30 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. 300ರಲ್ಲಿ ಗುಂಡಿ ಒತ್ತಿದವನದು 50ನೇ ಪರ್ಸೆಂಟೈಲ್. 315 ಆದರೆ 31ಕ್ಕೆ ಇಳಿಯಿತು. 327 ಆದರೆ 18. ನಟ್ಟನಡುವಿನವನಿಗೂ ‘18’ ಎಂಬ ಹಣೆಪಟ್ಟಿಗೂ ನಡುವೆ ಇರುವುದು 27 ಮಿಲಿಸೆಕೆಂಡ್. ಒಮ್ಮೆ ಕಣ್ಣು ಮಿಟುಕಿಸಲು ಕನಿಷ್ಠ 100 ಬೇಕು. ಸಾಲಿನ ನಡುಭಾಗದಲ್ಲಿ ಜನ ಒತ್ತೊತ್ತಾಗಿ ನಿಂತಿರುವುದರಿಂದ ಹೀಗಾಗುತ್ತದೆ: ಅಲ್ಲಿ 15 ಮಿಲಿಸೆಕೆಂಡ್ ಹಿಂದೆ ಬಿದ್ದರೆ 19 ಮೆಟ್ಟಿಲು ಇಳಿಯುತ್ತಾನೆ, ಬಾಲದ ತುದಿಯಲ್ಲಿ 5ರಿಂದ 1ಕ್ಕೆ ಇಳಿಯಲು 20 ಮಿಲಿಸೆಕೆಂಡ್ ಬೇಕು. ಪರ್ಸೆಂಟೈಲ್‌ನ ಮೆಟ್ಟಿಲುಗಳು ಒಂದೇ ಎತ್ತರದವಲ್ಲ.

ಆ ಪರೀಕ್ಷೆಯ ವಿಶ್ವಾಸಾರ್ಹತಾ ಗುಣಾಂಕ, ಅಂದರೆ ಮತ್ತೆ ಅಳೆದರೆ ಫಲಿತಾಂಶ ಎಷ್ಟು ತಾಳೆಯಾಗುತ್ತದೆ ಎಂಬುದರ ಅಂಕಿ (ಪೂರ್ತಿ ತಾಳೆಯಾದರೆ 1), 0.8 ಇದೆ ಅಂತಲೂ ಹಿಡಿಯಿರಿ. ಇದು ಮರ್ಯಾದೆಯ ಅಂಕಿಯೇ. ಆಗಲೂ ಅಳತೆಯ ತಪ್ಪು ಸುಮಾರು 13 ಮಿಲಿಸೆಕೆಂಡ್ ಆಚೀಚೆ ಇರುತ್ತದೆ. ಅಂದರೆ 18 ಎಂದು ಬಂದ ವ್ಯಕ್ತಿಯ ನಿಜವಾದ ಜಾಗ ಮೂರರಲ್ಲಿ ಎರಡು ಪಾಲು 9ರಿಂದ 33ರ ಒಳಗೆ ಎಲ್ಲೋ ಇದೆ. ನೂರಕ್ಕೆ 95ರ ಖಾತರಿ ಬೇಕೆಂದರೆ 4ರಿಂದ 49ರವರೆಗೆ ಹಿಗ್ಗಿಸಬೇಕು. 49 ಅಂದರೆ ನಟ್ಟನಡು. ಜವಾಬ್ದಾರಿಯ ಮನೋವಿಜ್ಞಾನಿ ವರದಿ ಬರೆಯುವಾಗ ಒಂಟಿ ಅಂಕಿ ಬರೆಯುವುದಿಲ್ಲ, ಈ ವ್ಯಾಪ್ತಿಯನ್ನೇ ಬರೆಯುತ್ತಾರೆ. ಸೋರಿಕೆ ಮಾಡುವವರು ಮೊದಲು ಕತ್ತರಿಸಿ ಎಸೆಯುವುದೂ ಇದನ್ನೇ.

ಇನ್ನೊಂದು ಕತ್ತರಿ. ಎಸ್2 ಒಂದೇ ಪರೀಕ್ಷೆಯಲ್ಲ, ಎಂಟೊಂಬತ್ತು ಸಣ್ಣ ಪರೀಕ್ಷೆಗಳ ಕಟ್ಟು. ಕ್ಷಣಮಾತ್ರ ಮಿಂಚಿ ಮಾಯವಾದದ್ದನ್ನು ಗುರುತಿಸುವುದು, ಒಂದೇ ತರಹದ ಹಲವು ವಸ್ತುಗಳು ಓಡಾಡುವಾಗ ಕೆಲವನ್ನು ಕಣ್ಣಲ್ಲೇ ಹಿಂಬಾಲಿಸುವುದು, ಗಮನ ಸೆಳೆಯುವ ಅಡ್ಡ ಸಂಕೇತಗಳನ್ನು ಬದಿಗಿಡುವುದು, ಒತ್ತಲು ಹೊರಟ ಬೆರಳನ್ನು ಕೊನೆಯ ಕ್ಷಣದಲ್ಲಿ ತಡೆಯುವುದು, ಹೀಗೆ. ಇವೆಲ್ಲವನ್ನೂ ಕಲಸಿ ಒಂದು ಒಟ್ಟು ಅಂಕಿ ಮಾಡುತ್ತಾರೆ. ಒಬ್ಬನಿಗೆ ಹಿಂಬಾಲಿಸುವುದು ಚೆನ್ನಾಗಿ ಬಂದು ಬೆರಳು ತಡೆಯುವುದು ಬಾರದಿರಬಹುದು, ಇನ್ನೊಬ್ಬನಿಗೆ ಅದರ ತಿರುಗುಮುರುಗು. ಒಟ್ಟು ಅಂಕಿ ಇಬ್ಬರಿಗೂ ಒಂದೇ ಬರುತ್ತದೆ. ಕೋಚ್‌ಗೆ ಉಪಯೋಗವಾಗುವುದು ಆ ಬಿಡಿ ಸಾಲುಗಳು. ಹೊರಗೆ ಸೋರಿದ್ದು ಒಟ್ಟು ಅಂಕಿ.

ಇಷ್ಟಾಗಿಯೂ ಪರೀಕ್ಷೆಗೂ ಆಟಕ್ಕೂ ಸಂಬಂಧವೇ ಇಲ್ಲ ಅನ್ನುವುದು ಅವಸರದ ಮಾತು. ಕ್ವಾರ್ಟರ್‌ಬ್ಯಾಕ್‌ನ ಒಂದು ಯತ್ನವನ್ನು ಹತ್ತಿರದಿಂದ ನೋಡಿ. ಹಿಂದಿನ ಯತ್ನ ಮುಗಿದೊಡನೆ 40 ಸೆಕೆಂಡಿನ ಗಡಿಯಾರ ಇಳಿಯತೊಡಗುತ್ತದೆ. ಹೆಲ್ಮೆಟ್ ಒಳಗಿನ ಪುಟ್ಟ ಸ್ಪೀಕರ್‌ನಲ್ಲಿ ಕೋಚ್ ಮುಂದಿನ ಆಟ ಹೇಳುತ್ತಾರೆ; ಗಡಿಯಾರ 15ಕ್ಕೆ ಬಂದ ಕ್ಷಣ ಆ ಧ್ವನಿ ಕಡಿತವಾಗುತ್ತದೆ. ಕೇಳಿಸಿಕೊಂಡ ಹತ್ತು ಹನ್ನೆರಡು ಪದಗಳ ಸಂಕೇತವನ್ನು ಉಳಿದ 10 ಜನರಿಗೆ ತಪ್ಪಿಲ್ಲದೆ ಒಪ್ಪಿಸಬೇಕು. ಗೆರೆಗೆ ಬಂದು ನಿಂತಾಗ ಎದುರಾಳಿಯ ಹಿಂಬದಿ ನೋಡಬೇಕು: ಆಳದಲ್ಲಿ ಸೇಫ್ಟಿ, ಅಂದರೆ ಕಟ್ಟಕಡೆಯ ಕಾವಲುಗಾರ, ಒಬ್ಬರೇ ನಿಂತಿದ್ದಾರೋ ಇಬ್ಬರೋ? ಎದುರಾಳಿಯ ಮುಂಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ನಡುವಿನವನು ಯಾರೆಂದು ಬೆರಳು ಮಾಡಿ ‘ಮೈಕ್’ ಎಂದು ಕೂಗಬೇಕು, ಯಾಕೆಂದರೆ ಮುಂದಿನ ಐವರು ಯಾರನ್ನು ತಡೆಯಬೇಕು ಅನ್ನುವುದು ಆ ಎಣಿಕೆಯಿಂದಲೇ ಹೊರಡುತ್ತದೆ. ಎಣಿಕೆ ಒಬ್ಬನಷ್ಟು ತಪ್ಪಿದರೆ ಒಬ್ಬ ಎದುರಾಳಿ ಅಡ್ಡಿಯೇ ಇಲ್ಲದೆ ಮೈಮೇಲೆ ಬರುತ್ತಾನೆ.

ಸ್ನ್ಯಾಪ್ ಆದ, ಅಂದರೆ ಚೆಂಡು ಕೈಗೆ ಬಂದ ಮೇಲೆ ಕೈಯಲ್ಲಿರುವುದು ಎರಡೂವರೆಯಿಂದ ಮೂರು ಸೆಕೆಂಡ್. ಆಳದಲ್ಲಿ ಇಬ್ಬರಿದ್ದ ಸೇಫ್ಟಿಗಳಲ್ಲಿ ಒಬ್ಬ ಆ ಕ್ಷಣಕ್ಕೆ ಸರಿಯಾಗಿ ಮುಂದೆ ಜಾರಿ ಬರುತ್ತಾನೆ. ಬೇಕೆಂದೇ ಹಾಕಿದ ವೇಷ ಅದು. ಗೆರೆಯಲ್ಲಿ ನಿಂತು ಕಂಡಿದ್ದ ಖಾಲಿ ಜಾಗ ಈಗ ಖಾಲಿ ಇಲ್ಲ. ಅದನ್ನು ಅರ್ಧ ಸೆಕೆಂಡಿನಲ್ಲಿ ಗ್ರಹಿಸಿ, ಎತ್ತಿದ ಕೈಯನ್ನು ತಡೆದು, ಎರಡನೆಯ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಕಡೆ ಕಣ್ಣು ತಿರುಗಿಸಬೇಕು. ಚೆಂಡು ಕೈ ಬಿಡುವ ಹೊತ್ತಿಗೆ ಎಷ್ಟೋ ಸಲ ರಿಸೀವರ್ ಇನ್ನೂ ತಿರುಗಿಯೂ ಇರುವುದಿಲ್ಲ. ಅವನು ಬರಬೇಕಾದ ಜಾಗಕ್ಕೆ ಎಸೆಯಬೇಕು. ಮಿಂಚಿದ್ದನ್ನು ಹಿಡಿಯುವ ಕಣ್ಣು, ಹಲವರನ್ನು ಹಿಂಬಾಲಿಸುವ ಗಮನ, ಹೊರಟ ಕೈ ತಡೆಯುವ ಸಂಯಮ, ಇವಿಲ್ಲದೆ ಈ ಕೆಲಸವಿಲ್ಲ. ಆದ್ದರಿಂದ ಪರೀಕ್ಷೆ ಅಳೆಯಲು ಹೊರಟದ್ದು ಸರಿಯಾದ ವಿಷಯವನ್ನೇ. ಆದರೆ ಸೇಫ್ಟಿಯ ಹೆಜ್ಜೆ ನೋಡಿ ಅವನ ವೇಷ ಗುರುತಿಸುವುದು ನೂರಾರು ಗಂಟೆ ವಿಡಿಯೊ ನೋಡಿ ಬರುವ ವಿದ್ಯೆ. 130 ಕಿಲೊ ತೂಕದವನು ಪಕ್ಕೆಗೆ ಗುದ್ದುವುದು ಗೊತ್ತಿದ್ದೂ ಪಾದ ನೆಟ್ಟು ಎಸೆಯುವುದು ಧೈರ್ಯ. 20 ಗಜ ದೂರದ ಕೈಗೆ ಚೆಂಡು ಇಡುವುದು ಭುಜದ ಕಸುಬು. ಗುಂಡಿ ಹಲಗೆಗೆ ಇವು ಯಾವುದೂ ಕಾಣುವುದಿಲ್ಲ.

ಈಗ ಎರಡನೆಯ ಗುಂಪಿನ ವಾದಕ್ಕೆ ಬರೋಣ. ಸ್ಟ್ರೌಡ್ ಅವರನ್ನು ಹ್ಯೂಸ್ಟನ್ ಟೆಕ್ಸನ್ಸ್ ಎರಡನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ವರ್ಷವೇ 15 ಪಂದ್ಯಗಳಲ್ಲಿ ಎಸೆತದಿಂದ 4,108 ಗಜ, 23 ಟಚ್‌ಡೌನ್ (ಕೊನೆಯ ಗೆರೆ ದಾಟಿ ಅಂಕ ತಂದ ಎಸೆತ), ಕೇವಲ 5 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ತಂಡ ತನ್ನ ವಿಭಾಗ ಗೆದ್ದು, ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 45-14ರಿಂದ ಸೋಲಿಸಿತು. 98 ಪಡೆದ ಯಂಗ್ ಅವರ ಕ್ಯಾರೊಲಿನಾ ಪ್ಯಾಂಥರ್ಸ್ ಅದೇ ವರ್ಷ 17ರಲ್ಲಿ 2 ಪಂದ್ಯವನ್ನಷ್ಟೇ ಗೆದ್ದಿತು. ಅವರದು 11 ಟಚ್‌ಡೌನ್, 10 ಇಂಟರ್‌ಸೆಪ್ಷನ್. ಇದನ್ನು ಮುಂದಿಟ್ಟು ‘ಪರೀಕ್ಷೆ ಸತ್ತಿತು’ ಅನ್ನುತ್ತಾರೆ. ಆದರೆ ಯಂಗ್ ಆ ವರ್ಷ 62 ಸಲ ಚೆಂಡು ಹಿಡಿದೇ ನೆಲಕ್ಕುರುಳಿದರು, ಸ್ಟ್ರೌಡ್ 38 ಸಲ. ಯಂಗ್ ಅವರಿಗಾಗಿ ಮೊದಲ ಆಯ್ಕೆ ಕೊಳ್ಳಲು ಪ್ಯಾಂಥರ್ಸ್ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೇ ಬಿಟ್ಟುಕೊಟ್ಟಿತ್ತು, ನಡುಋತುವಿನಲ್ಲಿ ಮುಖ್ಯ ಕೋಚ್‌ನನ್ನೂ ಕಿತ್ತುಹಾಕಿತು. ತಡೆಯುವವರಿಲ್ಲದೆ, ಹಿಡಿಯುವವರಿಲ್ಲದೆ ಯಾವ ಗ್ರಹಣಶಕ್ತಿ ಏನು ಮಾಡೀತು?

2024ಕ್ಕೆ ಬನ್ನಿ. ಅದೇ ಸ್ಟ್ರೌಡ್, ಅದೇ 18. ಈ ಸಲ 52 ಸಲ ನೆಲಕ್ಕುರುಳಿದರು, ಇಂಟರ್‌ಸೆಪ್ಷನ್ 5ರಿಂದ 12ಕ್ಕೆ ಏರಿತು. ಯಂಗ್ ಅವರನ್ನು ಎರಡೇ ಪಂದ್ಯಗಳ ನಂತರ ಬೆಂಚಿಗೆ ಕೂರಿಸಿದರು. ತಿರುಗಿ ಬಂದ ಮೇಲೆ ಮೊದಲ ವರ್ಷಕ್ಕಿಂತ ಎಷ್ಟೋ ಚೆನ್ನಾಗಿ ಆಡಿದರು. ಇಬ್ಬರ ಅಂಕಿಯೂ ಕದಲಿಲ್ಲ, ಆಟ ಕದಲಿತು. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ ಅವರಿಗೆ ಇದೇ ಪರೀಕ್ಷೆಯಲ್ಲಿ 90ರ ಮೇಲೆ ಬಂದಿತ್ತೆಂದು ವರದಿಯಾಗಿತ್ತು, ಅವರು ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಕರೆದೊಯ್ದರು. ಪರ್ಡಿಯನ್ನು ಮುಂದಿಟ್ಟು ಪರೀಕ್ಷೆಯನ್ನು ಗೆಲ್ಲಿಸುವುದೂ ಸ್ಟ್ರೌಡ್‌ರನ್ನು ಮುಂದಿಟ್ಟು ಸೋಲಿಸುವುದೂ ಒಂದೇ ತಪ್ಪು. ಒಬ್ಬ ಆಟಗಾರ ಪುರಾವೆಯಲ್ಲ.

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಮುಖ್ಯ ಬಲೆಯೂ ಇದೆ. ಡ್ರಾಫ್ಟ್‌ವರೆಗೆ ಬರುವವರು ಶಾಲೆ, ಕಾಲೇಜು ತಂಡಗಳಲ್ಲಿ ಹತ್ತು ವರ್ಷ ಸೋಸಿ ಸೋಸಿ ಉಳಿದವರು. ನಿಧಾನವಾಗಿ ಗ್ರಹಿಸುವ ಕ್ವಾರ್ಟರ್‌ಬ್ಯಾಕ್‌ಗಳು ಎಂದೋ ಬೇರೆ ಜಾಗಕ್ಕೆ ಹೋಗಿರುತ್ತಾರೆ ಅಥವಾ ಆಟ ಬಿಟ್ಟಿರುತ್ತಾರೆ. ಹೀಗೆ ಸೋಸಿದ ಗುಂಪಿನಲ್ಲಿ ಸೋಸಲು ಬಳಸಿದ ಗುಣಕ್ಕೂ ಮುಂದಿನ ಸಾಧನೆಗೂ ಸಂಬಂಧ ತೆಳುವಾಗಿ ಕಾಣುತ್ತದೆ. ನಮ್ಮ ಐಐಎಸ್‌ಸಿ ಒಳಗೆ ಹೋಗಿ, ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡಿ ಮುಂದೆ ಯಾರು ದೊಡ್ಡ ವಿಜ್ಞಾನಿಯಾಗುತ್ತಾರೆಂದು ಹೇಳಲು ಹೊರಟಂತೆ. ಲೆಕ್ಕ ಬರುವುದು ಪರೀಕ್ಷೆಗೆ ಬೇಕಿತ್ತು, ಆದರೆ ಒಳಗಿರುವವರಿಗೆಲ್ಲ ಲೆಕ್ಕ ಬರುತ್ತದೆ.

ಇದಕ್ಕೂ ಹಿಂದಿನ ಪರೀಕ್ಷೆ ವಂಡರ್ಲಿಕ್. 1930ರ ದಶಕದಲ್ಲಿ ಕಚೇರಿ ಕೆಲಸಗಾರರಿಗೆಂದು ಹುಟ್ಟಿದ್ದು, ಎಪ್ಪತ್ತರ ದಶಕದಲ್ಲಿ ಫುಟ್‌ಬಾಲ್‌ಗೆ ಬಂತು. 12 ನಿಮಿಷ, 50 ಪ್ರಶ್ನೆ, ಪ್ರಶ್ನೆಗೆ 14.4 ಸೆಕೆಂಡ್. ನಮ್ಮ ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡ್. ವಂಡರ್ಲಿಕ್‌ನಲ್ಲಿ ಪದ, ವಾಕ್ಯ, ಬಾಯಿಲೆಕ್ಕದ ಪ್ರಶ್ನೆಗಳೇ ಹೆಚ್ಚು. ಓದುವ ವೇಗವೇ ಅರ್ಧ ಫಲಿತಾಂಶ. ಡ್ಯಾನ್ ಮರಿನೊ 15 ತೆಗೆದಿದ್ದರೆಂದು ಹೇಳುತ್ತಾರೆ, 1984ರಲ್ಲಿ ಅವರು 48 ಟಚ್‌ಡೌನ್ ಎಸೆದರು. 2006ರಲ್ಲಿ ವಿನ್ಸ್ ಯಂಗ್ 6 ತೆಗೆದರೆಂದು ಸುದ್ದಿ ಹಬ್ಬಿತು, ಆಮೇಲೆ ಅದು 16 ಅಂತಾಯಿತು; ಹಬ್ಬಿದ 6 ಮಾತ್ರ ಇಂದಿಗೂ ಜನರ ಬಾಯಲ್ಲಿದೆ. ಅದೇ ವರ್ಷ ಅವರು ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದರು. 2012ರಲ್ಲಿ ಮಾರಿಸ್ ಕ್ಲೇಬೋರ್ನ್ ಅವರ 4 ಸೋರಿತು. ಕೊನೆಗೆ 2022ರಲ್ಲಿ ಲೀಗ್ ತನ್ನ ಆಯ್ಕೆ ಶಿಬಿರದಿಂದ ವಂಡರ್ಲಿಕ್ ಕೈಬಿಟ್ಟಿತು. ಒಂದೇ ವರ್ಷದಲ್ಲಿ ಹೊಸ ಪರೀಕ್ಷೆಯ ಅಂಕಿ ಸೋರಿತು.

ಇದರ ಹಿಂದೆ ಇರುವ ಗಾಯ ಆಳವಾದದ್ದು. ಕಪ್ಪು ಜನಾಂಗದ ಹುಡುಗರಿಗೆ ಓಡಲು ಬರುತ್ತದೆ, ಯೋಚಿಸಲು ಬರುವುದಿಲ್ಲ ಎಂಬ ಹೀನ ಮಾತು ಆ ಆಟದಲ್ಲಿ ದಶಕಗಳ ಕಾಲ ನಡೆಯಿತು. ವಾರನ್ ಮೂನ್ ಅವರನ್ನು 1978ರಲ್ಲಿ ಒಂದು ತಂಡವೂ ಆರಿಸಲಿಲ್ಲ. ಕೆನಡಾಕ್ಕೆ ಹೋಗಿ ಆಡಿ ಗೆದ್ದು ಬರಬೇಕಾಯಿತು. ಕಪ್ಪು ಜನಾಂಗದ ಕ್ವಾರ್ಟರ್‌ಬ್ಯಾಕ್ ಒಬ್ಬರು, ಡಗ್ ವಿಲಿಯಮ್ಸ್, ಮೊದಲ ಸಲ ಸೂಪರ್ ಬೌಲ್ ಗೆದ್ದಿದ್ದು 1988ರಲ್ಲಿ. ಅಂಥ ಇತಿಹಾಸದ ಮೇಲೆ ‘ಇವನ ತಲೆಗೆ 18’ ಎಂದು ಎಸೆದ ಅಂಕಿ ಬರೀ ಅಂಕಿಯಾಗಿ ಉಳಿಯುವುದಿಲ್ಲ. ವಂಡರ್ಲಿಕ್ ನ್ಯಾಯಾಲಯವನ್ನೂ ಕಂಡಿದೆ. ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಬಡ್ತಿಗೆ ಈ ಪರೀಕ್ಷೆ ಇಟ್ಟು ಕಪ್ಪು ನೌಕರರನ್ನು ಹೊರಗಿಟ್ಟಾಗ, ಕೆಲಸಕ್ಕೂ ಪರೀಕ್ಷೆಗೂ ಸಂಬಂಧ ತೋರಿಸಬೇಕೆಂದು 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುವಾಗ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಗಡಿಯಾರದೆದುರು ಇಂಗ್ಲಿಷ್ ವಾಕ್ಯ ಬಿಡಿಸುತ್ತ ‘ಆಪ್ಟಿಟ್ಯೂಡ್ ಕಡಿಮೆ’ ಅನ್ನಿಸಿಕೊಳ್ಳುವುದು ನೆನಪಾಗದೆ ಇರದು. ಅಲ್ಲೂ ಅಳೆದದ್ದು ಬುದ್ಧಿಯನ್ನಲ್ಲ, ಭಾಷೆ ಓದುವ ವೇಗವನ್ನು.

ನಮ್ಮದೇ ಮೈದಾನದ ಉದಾಹರಣೆ ಕ್ರಿಕೆಟ್‌ನ ಯೋ-ಯೋ ಪರೀಕ್ಷೆ. 2018ರ ಜೂನ್‌ನಲ್ಲಿ ಮೊಹಮ್ಮದ್ ಶಮಿ ಇದರಲ್ಲಿ ನಪಾಸಾಗಿ ಚಿನ್ನಸ್ವಾಮಿಯಲ್ಲಿ ನಡೆದ ಅಫ್ಗಾನಿಸ್ತಾನ ಟೆಸ್ಟ್ ತಪ್ಪಿಸಿಕೊಂಡರು, ಅಂಬಟಿ ರಾಯುಡು ಇಂಗ್ಲೆಂಡ್ ಪ್ರವಾಸದ ಏಕದಿನ ತಂಡದಿಂದ ಹೊರಬಿದ್ದರು. ಎರಡೂ ಎಲ್ಲ ಪತ್ರಿಕೆಗಳಲ್ಲಿ ಬಂದವು. ಶಮಿ ಆಮೇಲೆ ಪಾಸಾಗಿ ಇಂಗ್ಲೆಂಡ್‌ನ ಐದೂ ಟೆಸ್ಟ್ ಆಡಿದರು. 2023ರ ಆಗಸ್ಟ್‌ನಲ್ಲಿ ಆಲೂರಿನ ಶಿಬಿರದಲ್ಲಿ ವಿರಾಟ್ ಕೊಹ್ಲಿ ತಮ್ಮ 17.2 ಅನ್ನು ತಾವೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ, ಇಂಥ ಅಂಕಿ ಹೊರಗೆ ಹೇಳಬೇಡಿ ಎಂದು ಕ್ರಿಕೆಟ್ ಮಂಡಳಿ ಆಟಗಾರರಿಗೆ ತಿಳಿಸಿದ್ದಾಗಿ ವರದಿಯಾಗಿತ್ತು. ಆ ಅಂಕಿಯನ್ನೂ ಜನ ತಪ್ಪಾಗಿಯೇ ಓದುತ್ತಾರೆ. 16.1 ಎಂಬುದು ದಶಮಾಂಶವಲ್ಲ. 16ನೇ ವೇಗದ ಹಂತ, ಅದರ ಮೊದಲ ಓಟ. 20 ಮೀಟರ್ ಹೋಗಿ 20 ಮೀಟರ್ ವಾಪಸು ಬಂದರೆ ಒಂದು ಓಟ, ಆಮೇಲೆ 10 ಸೆಕೆಂಡ್ ಬಿಡುವು, ಬೀಪ್ ಸದ್ದಿನ ವೇಗ ಏರುತ್ತ ಹೋಗುತ್ತದೆ. ಈ ಪರೀಕ್ಷೆಯ ಮೊದಲ ಮಾದರಿಯ ಲೆಕ್ಕದಲ್ಲಿ 16.1 ಅಂದರೆ 1,120 ಮೀಟರ್, 16.5 ಅಂದರೆ 1,280 ಮೀಟರ್. ‘ಬರೀ 0.4 ವ್ಯತ್ಯಾಸ’ ಅನ್ನುವವರು 160 ಮೀಟರ್ ಓಟವನ್ನು ನುಂಗಿಬಿಡುತ್ತಾರೆ. 16ನೇ ಹಂತದಲ್ಲಿ ಎಂಟೇ ಓಟ ಇರುವುದರಿಂದ 16.8 ಆದಮೇಲೆ ಬರುವುದು 17.1, ಕೊಹ್ಲಿಯವರ 17.2 ಅದರ ನಂತರದ್ದು, 1,480 ಮೀಟರ್.

ಸೋರಿಕೆಯ ವಿಚಾರದಲ್ಲಿ ನಮ್ಮ ನಿಲುವು ನೇರ: ತಪ್ಪು ಮಾಡಿದ್ದು ಪರೀಕ್ಷೆಯೂ ಅಲ್ಲ, ಆಟಗಾರನೂ ಅಲ್ಲ, ಗುಟ್ಟಾಗಿ ಇಡಬೇಕಾದದ್ದನ್ನು ಹೊರಗೆ ಕೊಟ್ಟವರು. ಇಂಥ ವರದಿ ಹಲವು ತಂಡಗಳ ಕೈಯಲ್ಲಿರುತ್ತದೆ. ತಾನು ಬಯಸುವ ಆಟಗಾರ ತನ್ನ ಸರದಿವರೆಗೂ ಉಳಿಯಲಿ ಎಂದು ಬೆಲೆ ಇಳಿಸಲು ಯಾರಿಗಾದರೂ ಆಸೆ ಇರಬಹುದು. ಸೋರಿದ ಅಂಕಿ ಕೇಳಿದಾಗ ಇದರಿಂದ ಲಾಭ ಯಾರಿಗೆ ಎಂಬ ಪ್ರಶ್ನೆ ಮೊದಲು ಬರಬೇಕು. ಆಟಗಾರನಿಗೆ ಉತ್ತರಿಸುವ ದಾರಿಯೇ ಇಲ್ಲ. ತಾನು ಪರೀಕ್ಷೆ ಬರೆಯುವವನಲ್ಲ, ಫುಟ್‌ಬಾಲ್ ಆಡುವವನು ಎಂದಷ್ಟೇ ಸ್ಟ್ರೌಡ್ ಹೇಳಿದರು.

ನಮ್ಮ ಊರಿನ ಕ್ರೀಡಾ ಅಕಾಡೆಮಿಗಳು ಇಂಥ ಪರೀಕ್ಷೆ ತರಿಸುವುದಾದರೆ ಕೆಲವನ್ನು ಮೊದಲೇ ಬರಹದಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಒಂದೇ ಯಂತ್ರ, ಒಂದೇ ಹೊತ್ತು, ಕನಿಷ್ಠ ಎರಡು ಸಲ, ನಡುವೆ ಒಂದು ವಾರ. ಎರಡು ಫಲಿತಾಂಶ ತಾಳೆಯಾಗದಿದ್ದರೆ ಎರಡನ್ನೂ ನಂಬಬಾರದು. ಎಣಿಕೆಗೆ ಮುನ್ನ ಹತ್ತು ನಿಮಿಷ ರೂಢಿಯಾಗಲು ಬಿಡಬೇಕು, ಇಲ್ಲವಾದರೆ ಮೊಬೈಲ್ ಆಟ ಆಡಿ ಬೆಳೆದ ಮಗುವಿಗೂ ಆಡದ ಮಗುವಿಗೂ ಅಲ್ಲೇ ಅಂತರ ಬೀಳುತ್ತದೆ. ಸೂಚನೆಗಳು ಕನ್ನಡದಲ್ಲೂ ಇರಬೇಕು. ಹೋಲಿಕೆ ಅದೇ ವಯಸ್ಸಿನ, ಅದೇ ಆಟದ ಮಕ್ಕಳ ಜೊತೆ ಆಗಬೇಕು. ಅಮೆರಿಕದ ವೃತ್ತಿಪರರ ಕೋಷ್ಟಕಕ್ಕೆ ಹದಿನಾಲ್ಕರ ಹುಡುಗಿಯನ್ನು ತಾಳೆ ಹಾಕಬಾರದು. ಫಲಿತಾಂಶ ಕೋಚ್‌ಗೆ ಮತ್ತು ಮನೆಯವರಿಗೆ ಮಾತ್ರ. ವಾಟ್ಸ್‌ಆ್ಯಪ್ ಗುಂಪಿಗೂ ನೋಟಿಸ್ ಬೋರ್ಡಿಗೂ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಸಹಿ ಹಾಕುವ ಮುನ್ನ ತಂದೆ ತಾಯಿ ಕೇಳಬೇಕಾದದ್ದು: ಯಾರ ಬಳಿ ಇರುತ್ತದೆ, ಎಷ್ಟು ದಿನ, ಯಾವಾಗ ಅಳಿಸುತ್ತೀರಿ.

ಪತ್ರಿಕೆಗೆ ನಮ್ಮ ಬೇಡಿಕೆ ಇನ್ನೂ ಸಣ್ಣದು. ಕನ್ನಡದಲ್ಲಿ ‘ಶೇ’ ಎಂಬ ಒಂದೇ ಗುರುತನ್ನು ಶೇಕಡಾವಾರಿಗೂ ಪರ್ಸೆಂಟೈಲ್‌ಗೂ ಹಾಕಿಬಿಡುವ ರೂಢಿಯಿದೆ. ‘ಶೇ 18’ ಎಂದು ಅಚ್ಚಾದ ಕ್ಷಣ ಓದುಗರ ಕಣ್ಣಿಗೆ ಅದು ನಪಾಸಾದ ಅಂಕಪಟ್ಟಿ. ಸೋರಿದ ಅಂಕಿಯನ್ನು ಹಾಕದೇ ಇರುವುದೇ ಒಳ್ಳೆಯದು. ಬೇರೆಡೆ ಸುದ್ದಿಯಾಗಿ ಹಾಕಲೇಬೇಕಾಗಿ ಬಂದರೆ ‘ಶೇ’ ತೆಗೆದು ‘18ನೇ ಪರ್ಸೆಂಟೈಲ್’ ಎಂದೇ ಬರೆಯಿರಿ, ಯಾರ ಸಾಲಿನಲ್ಲಿ ಎಂದು ಅದರ ಪಕ್ಕದಲ್ಲೇ ಹೇಳಿ, ಅಂಕಿ ಕೊಟ್ಟಿದ್ದು ಕಂಪನಿಯೋ ಆಟಗಾರನೋ ಹೆಸರು ಹೇಳಲೊಲ್ಲದ ಮೂಲವೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿ. ಆಮೇಲೆ ಅಂಕಿ ತಪ್ಪೆಂದು ಗೊತ್ತಾದರೆ ತಿದ್ದುಪಡಿಯೂ ಅದೇ ಪುಟದಲ್ಲಿ, ಅದೇ ಅಕ್ಷರ ಗಾತ್ರದಲ್ಲಿ ಬರಲಿ.

ಇಂತಿ,
ಅಮೆರಿಕನ್ ಫುಟ್‌ಬಾಲ್ ನೋಡುವ ಕೆಲವು ಓದುಗರು,
ಬೆಂಗಳೂರು